‘ಕರೆಂಟ್’ ಅಲ್ಲ ಅತ್ತಿ, ಬೆಳಕು

ನಮ್ಮ ಸೋದರತ್ತೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕಲಬುರಗಿಯಲ್ಲಿ ಚಿಕಿತ್ಸೆ ಶುರುವಾಗುವ ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: ‘ತಮ್ಮಾ, ಕರೆಂಟ್ ಕೊಡ್ತಾರಂತಲ್ಲ, ಮೈಯೆಲ್ಲ ಝುಮ್ ಅಂತದೇನ?’

ನಮ್ಮ ಕಡೆ ರೇಡಿಯೇಶನ್‌ಗೆ ಜನ ಕರೆಂಟ್ ಅಂತಲೇ ಅನ್ನುವುದು. ಕರೆಂಟ್ ಅಲ್ಲ ಅತ್ತಿ, ಅದು ಬೆಳಕು ಅಂದೆ. ‘ಬೆಳಕಿಗೆ ಗಂಟು ಕರಗ್ತದಂದ್ರ ಬಿಸಲಾಗ ಕುಂತ್ರ ಸಾಕಲ್ಲ’ ಅಂದಳು. ಮೇ ತಿಂಗಳ ಕಲಬುರಗಿ ಬಿಸಿಲು ಕಂಡವರು ಯಾರೂ ಈ ಮಾತಿಗೆ ನಗಲಾರರು. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಸೂರ್ಯನಲ್ಲೇ ಇದೆ.

1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಿಡಿಸಿ ನೋಡಿದ. ಕಾಮನಬಿಲ್ಲಿನ ನಡುವೆ 500ಕ್ಕೂ ಹೆಚ್ಚು ಕಪ್ಪು ಗೆರೆ. ಅಷ್ಟು ಬಣ್ಣ ಸೂರ್ಯನಿಂದ ಹೊರಟು ದಾರಿಯಲ್ಲೇ ಕಾಣೆಯಾಗಿದ್ದವು. 45 ವರ್ಷದ ನಂತರ ಕಿರ್ಖಾಫ್ ಮತ್ತು ಬುನ್ಸೆನ್ ಕಳ್ಳರನ್ನು ಹಿಡಿದರು. ಪ್ರತಿ ಧಾತುವೂ ತನಗೆ ಬೇಕಾದ ಬಣ್ಣವನ್ನು ಮಾತ್ರ ನುಂಗುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ನೇರಳೆ ತುದಿಯ ಎರಡು ದಪ್ಪ ಗೆರೆ ಕ್ಯಾಲ್ಸಿಯಂನವು. ನಿಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನಲ್ಲಿ, ನಿಮ್ಮ ಎಲುಬಿನಲ್ಲಿ ಇರುವ ಅದೇ ಕ್ಯಾಲ್ಸಿಯಂ. ಗೆರೆ ದಪ್ಪ ಇದೆ ಅಂದರೆ ಧಾತು ಜಾಸ್ತಿ ಅಂತ ತಿಳಿಯಬೇಡಿ. ಅದು ಸೂರ್ಯನ ಬಿಸಿಯ ಆಟ. ಅದರ ಲೆಕ್ಕ ಕೊಟ್ಟವರು ನಮ್ಮ ಮೇಘನಾದ ಸಹಾ, 1920ರಲ್ಲಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ತಪ್ಪದೆ ಇರಲಾಗದು. 1868ರ ಆಗಸ್ಟ್ 18ರಂದು ಖಗ್ರಾಸ ಗ್ರಹಣ. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸ್‌ನ ಜಾನ್ಸೆನ್ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹಿಡಿದು ಕಾದಿದ್ದರು. ಈ ಎರಡು ಊರಿನ ನಡುವೆ ನಕ್ಷೆಯಲ್ಲಿ ಗೆರೆ ಎಳೆದು ನೋಡಿ, ನಮ್ಮ ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರವೇ ಹಾಯುತ್ತದೆ. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಒಂದು ಹಳದಿ ಗೆರೆ ಕಂಡಿತು. ಮೊದಲು ಸೋಡಿಯಂ ಇರಬೇಕು ಅಂದುಕೊಂಡರು, ಹೊಂದಲಿಲ್ಲ. ಅದು ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಅಂಥ ಸೀಮೆ ನಮ್ಮದು. ಆದರೆ 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಕಲಬುರಗಿ ಪಕ್ಕದ ಊರಲ್ಲೇ ವಿಕಲಚೇತನ ಮಕ್ಕಳನ್ನು, ಗುಣವಾಗಲಿ ಅಂತ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇರಲಿ, ಅತ್ತಿಯ ಪ್ರಶ್ನೆಗೆ ಬರೋಣ. ಪರಮಾಣು ಅಂದರೆ ಮೆಟ್ಟಿಲು ಬಾವಿ ಅಂದುಕೊಳ್ಳಿ. ಮೇಲಿನ ಮೆಟ್ಟಿಲಲ್ಲಿ ಕೆಲವು ಎಲೆಕ್ಟ್ರಾನ್, ತಳದಲ್ಲಿ ಎರಡು. ಅವನ್ನು ಮೇಲೆಳೆಯುವ ಹಗ್ಗವೇ ಬೆಳಕು. ಕಣ್ಣಿಗೆ ಕಾಣುವ ಬೆಳಕಿನ ಹಗ್ಗ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಉದ್ದ, ಮೇಲಿನ ಮೆಟ್ಟಿಲಿಗಷ್ಟೇ ಸಾಕು. ಬಿಸಿಲಲ್ಲಿ ಎಷ್ಟು ಹೊತ್ತು ಕೂತರೂ ಹಗ್ಗ ಉದ್ದವಾಗುವುದಿಲ್ಲ. ಕ್ಯಾಲ್ಸಿಯಂ ಬಾವಿಯ ಆಳ ಸುಮಾರು 4,000. ಚಿನ್ನದ್ದು 80,700. ಅಷ್ಟು ಉದ್ದದ ಹಗ್ಗ ಇರುವುದು ಎಕ್ಸ್‌ರೇಗೆ, ಅದೂ ಬೆಳಕೇ, ಕಣ್ಣಿಗೆ ಕಾಣದ್ದು. ಹಗ್ಗ ತಳ ಮುಟ್ಟಿತೋ, ಪರಮಾಣು ಎಕ್ಸ್‌ರೇ ನುಂಗುವುದು ಒಮ್ಮೆಲೇ ಹೆಚ್ಚುತ್ತದೆ, ತಳದ ಎಲೆಕ್ಟ್ರಾನ್ ಹೊರಗೆ ಬೀಳುತ್ತದೆ.

ತಳದ ಎಲೆಕ್ಟ್ರಾನ್ ಹೋದಮೇಲೆ ಏನಾಗುತ್ತದೆ? ಇದಕ್ಕೆ ಬಾವಿ ಸಾಲದು, ಬಸ್ ಬೇಕು. ಜಾತ್ರೆ ದಿನದ ಬಸ್ಸು. ಮುಂದಿನ ಸೀಟು ಖಾಲಿಯಾಯಿತು. ಟವೆಲ್ ಎಸೆಯುವಷ್ಟೂ ಪುರಸೊತ್ತಿಲ್ಲ, ಹಿಂದಿನವನೊಬ್ಬ ಹಾರಿ ಕೂತ. ಹಾರುವಾಗ ಒಂದೋ ‘ಹೋ’ ಅಂತ ಕೂಗುತ್ತಾನೆ, ಇಲ್ಲವೇ ಪಕ್ಕದವನನ್ನು ಬಾಗಿಲಾಚೆ ತಳ್ಳುತ್ತಾನೆ. ಈಗ ಅವನ ಸೀಟೂ ಖಾಲಿ, ಅದಕ್ಕೆ ಇನ್ನೊಬ್ಬ. ಕೂಗು ಅಂದರೆ ಎಕ್ಸ್‌ರೇ ಬೆಳಕು. ಕಪ್ಪು ಕುಳಿಯ ಸುತ್ತ ಸುತ್ತುವ ಕಬ್ಬಿಣ ಕೂಗುವುದು 6,400 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಖಗೋಳ ವಿಜ್ಞಾನಿಗಳು ಅದನ್ನು ದೂರದರ್ಶಕದಲ್ಲಿ ಹಿಡಿಯುತ್ತಾರೆ. ತಳ್ಳಾಟಕ್ಕೆ ಆಜೇ ಪರಿಣಾಮ ಅಂತ ಹೆಸರು. 1922ರಲ್ಲಿ ಲೀಸಾ ಮೈಟ್ನರ್, ಮರುವರ್ಷ ಪಿಯೆರ್ ಆಜೇ ಕಂಡುಕೊಂಡದ್ದು. ಹೆಸರು ಆಕೆಗೆ ಹೋಗಲಿಲ್ಲ ನೋಡಿ! ಚಿನ್ನ, ಪ್ಲಾಟಿನಂ ಅಂದರೆ ಸೀಟು ಜಾಸ್ತಿ ಇರುವ ಬಸ್ಸು. ಒಂದು ಸೀಟು ಖಾಲಿಯಾದರೆ ಹಲವರು ಬೀದಿಗೆ ಬೀಳುತ್ತಾರೆ. ಹಾಗೆ ಬಿದ್ದ ಎಲೆಕ್ಟ್ರಾನ್ ದೂರ ಹೋಗುವುದಿಲ್ಲ. ಆದರೆ ಪಕ್ಕದಲ್ಲೇ ಕ್ಯಾನ್ಸರ್ ಕೋಶದ ಡಿಎನ್ಎ ಇದ್ದರೆ ಅದನ್ನು ಕತ್ತರಿಸಿ ಹಾಕುತ್ತದೆ.

ಈಗಿನ ಯಂತ್ರಗಳ ಕಿರಣಕ್ಕೆ ಹತ್ತಾರು ಲಕ್ಷ ವೋಲ್ಟ್‌ನ ಜೋರು. ಅದು ಬಾವಿಯ ಆಳ ನೋಡುತ್ತ ಕೂರುವುದಿಲ್ಲ. ಗಂಟಿನೊಳಗೆ ಭಾರದ ಲೋಹ ಸೇರಿಸಿ, ಅದರ ಆಳಕ್ಕೆ ಸರಿಯಾದ ಎಕ್ಸ್‌ರೇ ಬಿಟ್ಟರೆ? 2004ರಲ್ಲಿ ಇಲಿಗಳಿಗೆ ಚಿನ್ನದ ಸಣ್ಣ ಕಣ ಚುಚ್ಚಿ ಎಕ್ಸ್‌ರೇ ಕೊಟ್ಟರು. ಒಂದು ವರ್ಷ ಬದುಕಿದವು 86%, ಬರೀ ಎಕ್ಸ್‌ರೇ ಕೊಟ್ಟವು 20%. ಮನುಷ್ಯರಿಗೆ ಇದು ಇನ್ನೂ ದಿನನಿತ್ಯದ ಚಿಕಿತ್ಸೆ ಆಗಿಲ್ಲ. ಇಂಥ ಮೆದು, ಅಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ ಮೈಯ ಆಳಕ್ಕೆ ಇಳಿಯುವುದೇ ಕಷ್ಟ, ಲೋಹವನ್ನು ಗಂಟಿಗೆ ಮಾತ್ರ ಮುಟ್ಟಿಸುವುದು ಇನ್ನೂ ಕಷ್ಟ. ‘ಚಿನ್ನದ ಭಸ್ಮ ತಿಂದರೆ ಕ್ಯಾನ್ಸರ್ ಹೋಗುತ್ತೆ’ ಅನ್ನುವವರು ದಯವಿಟ್ಟು ಈ ಲೇಖನವನ್ನು ಸಾಕ್ಷಿಯಾಗಿ ತೋರಿಸಬೇಡಿ.

ಮನೆಯಲ್ಲಿ ಇನ್ನೊಂದು ರಗಳೆ. ಅತ್ತಿಯ ಮೈಯಿಂದ ಕಿರಣ ಬರುತ್ತವೆ ಅಂತ ಸೊಸೆ ಮಗುವನ್ನು ಹತ್ತಿರ ಬಿಡಲಿಲ್ಲ. ಹೊರಗಿನ ಯಂತ್ರದಿಂದ ಬಿದ್ದ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಥೈರಾಯ್ಡ್‌ಗೆ ಕುಡಿಸುವ ಅಯೋಡಿನ್ ವಿಷಯ ಬೇರೆ, ಅದಕ್ಕೆ ಕೆಲವು ದಿನ ದೂರ ಇರಬೇಕು.

ವಾರಕ್ಕೊಮ್ಮೆ ಅತ್ತಿಗೆ ಸಲೈನ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕ್ಯಾನ್ಸರ್ ಔಷಧ ಹೋಗುತ್ತಿತ್ತು. ಅದರಲ್ಲಿ ಪ್ಲಾಟಿನಂ ಇದೆ. ಡಿಎನ್ಎಗೆ ಅಂಟಿಕೊಂಡು ಕಿರಣದ ಕೆಲಸಕ್ಕೆ ಕೈಜೋಡಿಸುತ್ತದೆ, ಹೆಚ್ಚಾಗಿ ರಸಾಯನದ ದಾರಿಯಿಂದಲೇ. ಬಾಟಲಿ ತೊಟ್ಟಿಕ್ಕುವಾಗ ಅದರ ಕಥೆ ಹೇಳಿದೆ. 1960ರ ದಶಕದಲ್ಲಿ ಅಮೆರಿಕದ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ನೀರಿಗೆ ಪ್ಲಾಟಿನಂ ತುದಿಗಳಿಂದ ಕರೆಂಟ್ ಹಾಯಿಸಿದ. ಅವು ಒಡೆದು ಎರಡಾಗುವುದನ್ನೇ ಬಿಟ್ಟು ದಾರದಂತೆ ಉದ್ದ ಬೆಳೆದವು. ತಡೆದದ್ದು ತುದಿಯಿಂದ ಕರಗಿದ ಪ್ಲಾಟಿನಂ.

ಅತ್ತಿ ಪೂರ್ತಿ ಕೇಳಿ, ಸೂಜಿ ಚುಚ್ಚಿದ ಕೈ ಅಲ್ಲಾಡಿಸದೆ ಅಂದಳು: ‘ನೋಡು, ಕಡೀಕ ಕರೆಂಟೇ ಆತಲ್ಲ.’