113 ಬೇಕೇ ಬೇಕಾ?

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೇಸ್ ಮುಗಿಸಿ ಹೊರಗೆ ಚಹಾ ಕುಡಿಯಲು ನಿಂತರೆ, ಕಕ್ಷಿದಾರರು ಕೇಸಿಗಿಂತ ರಾಜಕೀಯವನ್ನೇ ಜಾಸ್ತಿ ಕೇಳುತ್ತಾರೆ. ಮೊನ್ನೆ ರಾಣೆಬೆನ್ನೂರಿನ ಹಿರಿಯರೊಬ್ಬರು, "ವಕೀಲ್ರ, 113 ಇಲ್ಲಂದ್ರ ಸರ್ಕಾರ ಬಿದ್ದಂಗ, ಹೌದಲ್ರಿ?" ಅಂದರು.

ಹಾಗೇನಿಲ್ಲ.

ನಮ್ಮ ವಿಧಾನಸಭೆಯ 224 ಶಾಸಕರಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಅಂದರೆ 113, ಲೆಕ್ಕ ಸರಿ. ಆದರೆ ಸಂವಿಧಾನದ 189ನೇ ವಿಧಿ ಎಣಿಸುವುದು ಆ ಹೊತ್ತಿಗೆ ಸದನದಲ್ಲಿದ್ದು ಮತ ಹಾಕಿದವರನ್ನು ಮಾತ್ರ. ಮನೆಯಲ್ಲಿ ಕೂತವರು, ರೆಸಾರ್ಟಿನಲ್ಲಿ ಕೂತವರು ಲೆಕ್ಕಕ್ಕಿಲ್ಲ. ಸ್ಪೀಕರ್ ಮತ ಹಾಕುವುದೂ ಎರಡು ಕಡೆ ಸಮ ಬಂದಾಗಷ್ಟೇ. ವಿಧಾನ ಪರಿಷತ್ತಿನ 75 ಮಂದಿಗಂತೂ ವಿಶ್ವಾಸಮತದಲ್ಲಿ ಕೈ ಎತ್ತುವ ಹಕ್ಕೇ ಇಲ್ಲ.

2019ರ ಜುಲೈ 23 ನೆನಪಿದೆ ಅಲ್ವಾ? ಕುಮಾರಸ್ವಾಮಿ ಅವರ ಸರ್ಕಾರ ಬಿದ್ದಿದ್ದು ಪರವಾಗಿ 99, ವಿರುದ್ಧ 105 ಮತ ಬಂದು. ಗೆದ್ದ ಕಡೆಯವರೂ 113 ಮುಟ್ಟಿರಲಿಲ್ಲ. ಸದನಕ್ಕೆ ಬಾರದೆ ಉಳಿದವರೇ ಸರ್ಕಾರ ಕೆಡವಿದ್ದು, ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹಿರೇಕೆರೂರು ಮತ್ತು ರಾಣೆಬೆನ್ನೂರಿನ ಶಾಸಕರೂ ಇದ್ದರು, ಇಬ್ಬರನ್ನೂ ಸ್ಪೀಕರ್ ಪಕ್ಷಾಂತರ ನಿಷೇಧದಡಿ ಅನರ್ಹ ಮಾಡಿದರು, ಡಿಸೆಂಬರಿನಲ್ಲಿ ಉಪಚುನಾವಣೆ ಬಂತು. ಅದರಲ್ಲಿ ಓಟು ಹಾಕಿದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿತ್ತು, ಯಾಕೆ ಬಂತು ಅನ್ನೋದು ಮಾತ್ರ ಮರೆತುಹೋಗಿತ್ತು.

ಇದಕ್ಕಿಂತ ಆಶ್ಚರ್ಯದ ವಿಷಯ ಇನ್ನೊಂದಿದೆ. ಸದನ ನಡೆಯಲು ಹತ್ತನೇ ಒಂದು ಭಾಗ, ಅಂದರೆ 23 ಮಂದಿ ಇದ್ದರೆ ಸಾಕು. ಇದಕ್ಕೆ ಕೋರಂ ಅನ್ನುತ್ತಾರೆ. ಅಷ್ಟೇ ಜನ ಇದ್ದ ದಿನ 12 ಮತಕ್ಕೆ ಒಂದು ಮಸೂದೆ ಪಾಸಾಗಬಹುದು. ಟಿವಿಯಲ್ಲಿ ಖಾಲಿ ಕುರ್ಚಿ ಕಂಡಾಗ ನಾವು ಸುಮ್ನೆ ನಕ್ಕು ಚಾನೆಲ್ ಬದಲಿಸುತ್ತೇವೆ, ನನಗಂತೂ ಅದು ನಗುವ ವಿಷಯ ಅನ್ನಿಸಿಲ್ಲ.

ಇನ್ನು ಎಣಿಕೆ ಎಲ್ಲಿ ನಡೆಯಬೇಕು ಅನ್ನೋ ಪ್ರಶ್ನೆ. ಅದಕ್ಕೆ ಉತ್ತರ ತಂದುಕೊಟ್ಟಿದ್ದು ಮುಖ್ಯಮಂತ್ರಿಯಾಗಿದ್ದ ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಅವರ ಕೇಸು. 1989ರ ಏಪ್ರಿಲ್‌ನಲ್ಲಿ, ಕೆಲವು ಶಾಸಕರ ಪತ್ರ ನಂಬಿದ ರಾಜ್ಯಪಾಲರು ಬಹುಮತ ಹೋಯಿತೆಂದು ವರದಿ ಕಳಿಸಿದರು. ಸದನದಲ್ಲಿ ಸಾಬೀತು ಮಾಡುತ್ತೇನೆ ಅಂದ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಎಣಿಸಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಅಂದಿತು.

ಹಾಗಾದರೆ 113 ಎಲ್ಲೂ ಬೇಡವೇ ಅಂತ ಹಿರಿಯರು ಪಟ್ಟು ಬಿಡಲಿಲ್ಲ. ಬೇಕು, ಸ್ಪೀಕರನ್ನು ಕೆಳಗಿಳಿಸಲು ಬೇಕು. ಅಲ್ಲಿ ಬರೀ ಬಂದವರ ಲೆಕ್ಕ ನಡೆಯುವುದಿಲ್ಲ. ಆ ಹೊತ್ತಿಗೆ ಇರುವ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರವಾಗಿರಬೇಕು, ನೋಟಿಸ್ ಕೂಡ 14 ದಿನ ಮೊದಲೇ ಕೊಡಬೇಕು.