ಮರಳುಗಾಡಿನಲ್ಲಿ ಐಸ್ ಹಾಕಿ: ವೇಗಸ್‌ನಲ್ಲಿ ಗೆದ್ದದ್ದು ಫೀನಿಕ್ಸ್‌ನಲ್ಲಿ ಸೋತದ್ದೇಕೆ?

ಪ್ರಶ್ನೆ: ಲಾಸ್ ವೇಗಸ್, ಫೀನಿಕ್ಸ್ ಎರಡೂ ಮರಳುಗಾಡಿನ ಊರುಗಳೇ. ವೇಗಸ್‌ನ ಐಸ್ ಹಾಕಿ ತಂಡ ಬೇರೂರಿತು, ಫೀನಿಕ್ಸ್‌ನದ್ದು ಗಂಟುಮೂಟೆ ಕಟ್ಟಿತು. ಹಿಮವನ್ನೇ ಕಾಣದ ಜನಕ್ಕೆ ಈ ಆಟ ಹಿಡಿಸುವುದಿಲ್ಲ ಅನ್ನುವುದು ನಿಜವೇ?

ಉತ್ತರ: ಬಿಸಿಲೇ ಕಾರಣವಾಗಿದ್ದರೆ ಟ್ಯಾಂಪಾ, ಡಲ್ಲಾಸ್, ನ್ಯಾಶ್‌ವಿಲ್‌ಗಳಂಥ ಬೆಚ್ಚನೆಯ ಊರುಗಳಲ್ಲೂ ಆಟ ಬೇರೂರುತ್ತಿರಲಿಲ್ಲ. ಫೀನಿಕ್ಸ್‌ನಲ್ಲಿ ಕೈಕೊಟ್ಟದ್ದು ಕಟ್ಟಡ: ಅದು ಎಲ್ಲಿದೆ, ಸೀಟಿನಿಂದ ಏನು ಕಾಣುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ.

ಮಂಜುಗಡ್ಡೆಯ ಮಾತು ಮೊದಲು ಮುಗಿಸೋಣ. ಕಾಂಕ್ರೀಟ್ ನೆಲದೊಳಗಿನ ಪೈಪುಗಳಲ್ಲಿ ತಣ್ಣನೆಯ ಉಪ್ಪುನೀರಿನಂಥ ದ್ರವ ಹರಿಸಿ, ಮೇಲೆ ತೆಳುತೆಳುವಾಗಿ ನೀರು ಸಿಂಪಡಿಸುತ್ತಾರೆ. ಪದರದ ಮೇಲೆ ಪದರ ಹೆಪ್ಪುಗಟ್ಟಿ ಸುಮಾರು ಒಂದು ಇಂಚು ದಪ್ಪ ಬಂದರೆ ರಿಂಕ್ ಸಿದ್ಧ. ಇದಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ತೇವ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಒದ್ದೆ ಗಾಳಿಗೆ ಮೇಲ್ಮೈ ಮೆತ್ತಗಾಗುತ್ತದೆ, ಪಕ್ (ಆಟದ ರಬ್ಬರ್ ಬಿಲ್ಲೆ) ಜಾರುವ ಬದಲು ಪುಟಿಯುತ್ತದೆ. ಹೀಗೆ ನೋಡಿದರೆ ಒಣಹವೆಯ ಫೀನಿಕ್ಸ್‌ಗಿಂತ ಫ್ಲಾರಿಡಾದಲ್ಲೇ ಕೆಲಸ ಕಷ್ಟ.

ಈಗ ಕಟ್ಟಡಕ್ಕೆ ಬರೋಣ. ವಿನಿಪೆಗ್‌ನ ತಂಡ 1996ರಲ್ಲಿ ಫೀನಿಕ್ಸ್‌ಗೆ ಬಂದು ಕಯೋಟಿಸ್ ಆಯಿತು. ಇಳಿದದ್ದು ಬ್ಯಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಅರೀನಾದಲ್ಲಿ. ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಹಾಕಿ ರಿಂಕ್ 200 ಅಡಿಗೆ 85 ಅಡಿ. ತುರುಕಿದಾಗ ಒಂದು ತುದಿಯ ಮೇಲಿನ ಸೀಟುಗಳು ಗೋಲಿನ ಮೇಲೆಯೇ ಚಾಚಿಕೊಂಡವು. ಅಲ್ಲಿ ಕೂತವರಿಗೆ ಕೆಳಗಿನ ಗೋಲೇ ಕಾಣದು. ಆಟ ಹೊಸದು, ಮೇಲಾಗಿ ಅರ್ಧ ಕಣ್ಣಿಗೆ ಬೀಳದು ಅಂದರೆ ದುಡ್ಡು ಕೊಟ್ಟವರು ಎರಡನೇ ಸಲ ಯಾಕೆ ಬಂದಾರು?

2003ರ ಡಿಸೆಂಬರ್‌ನಲ್ಲಿ ಹಾಕಿಗೆ ಒಪ್ಪುವ ಹೊಸ ಅರೀನಾ ಸಿಕ್ಕಿತು, ಆದರೆ ಪಶ್ಚಿಮದಂಚಿನ ಗ್ಲೆಂಡೇಲ್‌ನಲ್ಲಿ. ಟಿಕೆಟ್‌ಗೆ ಖರ್ಚುಮಾಡುವ ಜನ ಹೆಚ್ಚಾಗಿದ್ದದ್ದು ಪೂರ್ವದ ಸ್ಕಾಟ್ಸ್‌ಡೇಲ್ ಕಡೆ. ಆಗ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ತಂಡಕ್ಕೆ ಋತುವಿಗೆ ತವರಿನಲ್ಲಿ 41 ಪಂದ್ಯ, ಅದರಲ್ಲಿ ವಾರದ ನಡುವಿನವೇ ಬಹಳ. ಸಂಜೆ ಏಳಕ್ಕೆ ಆಟ ಎಂದರೆ ಆಫೀಸು ಬಿಡುವ ಹೊತ್ತಿಗೆ ಇಡೀ ಊರು ದಾಟಬೇಕು. ಅಮೆರಿಕನ್ ಫುಟ್‌ಬಾಲ್ ತಂಡಗಳನ್ನು ಟಿವಿ ಹಣ ಸಾಕುತ್ತದೆ. ಹಾಕಿ ತಂಡ ಗೇಟಿನ ಹಣವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾಗದು. 2009ರಲ್ಲಿ ಕಯೋಟಿಸ್ ದಿವಾಳಿ ಅರ್ಜಿ ಹಾಕಿತು, 2013ರವರೆಗೆ ಲೀಗೇ ಅದನ್ನು ನಡೆಸಿತು. ಈ ವರ್ಷ ಇದ್ದು ಮುಂದಿನ ವರ್ಷ ಹೋಗಬಹುದಾದ ತಂಡಕ್ಕೆ ಸೀಸನ್ ಟಿಕೆಟ್ ಕೊಳ್ಳುವವರು ಕಡಿಮೆ. ನನ್ನ ಮಟ್ಟಿಗೆ, ದೂರಕ್ಕಿಂತ ಹೆಚ್ಚು ಕೊಂದದ್ದು ಈ ಅನಿಶ್ಚಿತತೆ.

ಕಡೆಗೆ ಗ್ಲೆಂಡೇಲ್ ನಗರಸಭೆ ಅರೀನಾದ ಒಪ್ಪಂದ ಮುಂದುವರಿಸಲಿಲ್ಲ. 2022ರಿಂದ ಎರಡು ಋತು ವಿಶ್ವವಿದ್ಯಾಲಯವೊಂದರ ಸುಮಾರು 4,600 ಸೀಟಿನ ಅರೀನಾದಲ್ಲಿ ಆಡಿದರು. 2023ರ ಮೇನಲ್ಲಿ ಫೀನಿಕ್ಸ್ ಪಕ್ಕದ ಊರು ಟೆಂಪಿಯ ಮತದಾರರು ಹೊಸ ಅರೀನಾ ಯೋಜನೆಯನ್ನು ತಳ್ಳಿಹಾಕಿದರು. ಮರುವರ್ಷ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ. ವಿಪರ್ಯಾಸ ನೋಡಿ, ಸ್ಕಾಟ್ಸ್‌ಡೇಲ್‌ನಲ್ಲಿ ಈ ತಂಡದ ಆಟ ನೋಡುತ್ತ ಬೆಳೆದ ಆಸ್ಟನ್ ಮ್ಯಾಥ್ಯೂಸ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 2016ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ.

ವೇಗಸ್ ಲೆಕ್ಕವನ್ನು ತಿರುವುಮುರುವು ಮಾಡಿತು. ತಂಡ ಮಂಜೂರಾಗುವ ಮೊದಲೇ, 2015ರಲ್ಲಿ, ಸೀಸನ್ ಟಿಕೆಟ್‌ಗೆ ಮುಂಗಡ ಕೇಳಿದರು, ಗುರಿ 10,000. ಅರೀನಾ ಊರಿನ ನಟ್ಟನಡುವೆ, ಕ್ಯಾಸಿನೋಗಳ ಬೀದಿಯಾದ ಸ್ಟ್ರಿಪ್ ಪಕ್ಕದಲ್ಲೇ. 50 ಕೋಟಿ ಡಾಲರ್ ಪ್ರವೇಶ ಶುಲ್ಕ ಕೊಟ್ಟವರಿಗೆ ಆಟಗಾರರ ಆಯ್ಕೆಯೂ ಉದಾರವಾಗಿತ್ತು: ಉಳಿದ 30 ತಂಡಗಳು 11 ಆಟಗಾರರನ್ನು, ಇಲ್ಲವೇ ಬೇರೆ ಸೂತ್ರದಲ್ಲಿ 9 ಜನರನ್ನು ಮಾತ್ರ ಕಾಯ್ದಿಟ್ಟುಕೊಳ್ಳಬಹುದಿತ್ತು, ಮಿಕ್ಕವರಿಂದ ವೇಗಸ್ ಆರಿಸಿಕೊಂಡಿತು. ಮೊದಲ ಋತುವಿನಲ್ಲೇ ಫೈನಲ್, 2023ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್.

ಇನ್ನು ಸಾಲ್ಟ್ ಲೇಕ್. ಅಲ್ಲೂ ಸಿಕ್ಕದ್ದು ಬ್ಯಾಸ್ಕೆಟ್‌ಬಾಲ್ ಅರೀನಾವೇ. ಮೊದಲ ಋತುವಿನಲ್ಲಿ ಸುಮಾರು 11,000 ಸೀಟುಗಳಿಂದಷ್ಟೇ ರಿಂಕ್ ಪೂರ್ತಿ ಕಾಣುತ್ತಿತ್ತು. ಆದರೆ ಅರೀನಾ ಊರಿನ ನಡುವಿದೆ, ರೈಲು ಎದುರಿಗೇ ನಿಲ್ಲುತ್ತದೆ, ತಂಡದ ಮಾಲೀಕರ ಕೈಯಲ್ಲೇ ಕಟ್ಟಡವೂ ಇದೆ. ಹಾಗಾಗಿ ಸೀಟು ಸರಿಪಡಿಸಲು ಅವರು ಯಾರ ಮುಂದೆಯೂ ಗುತ್ತಿಗೆ ಹಿಡಿದು ನಿಲ್ಲಬೇಕಾಗಿಲ್ಲ.