ಮುಪ್ಪಿನಲ್ಲಿ ಮಂಜಾಗುವ ಕಣ್ಣು

ಮಂಡ್ಯದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರ ಕಣ್ಣು ಮಂಜಾಯಿತೆಂದರೆ ‘ವಯಸ್ಸಾಯ್ತಲ್ಲ’ ಎಂಬ ಮಾತಿನಲ್ಲೇ ವಿಚಾರ ಮುಗಿದುಹೋಗುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಮೂಳೆ ವೈದ್ಯರ ಬಳಿಗೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮತ್ತೊಬ್ಬರ ಬಳಿಗೆ ಕರೆದೊಯ್ಯುತ್ತೇವೆಯೇ ಹೊರತು, ಇನ್ಸುಲಿನ್ ಸಿರಿಂಜಿನ ಗೆರೆಗಳು ಅವರಿಗೆ ಕಾಣುತ್ತಿದ್ದವೇ ಎಂದು ವಿಚಾರಿಸುವವರು ಕಡಿಮೆ.

ಪೊರೆ ಬಂದ ಕಣ್ಣಿನೊಳಗೆ ಬೆಳಕು ಚದುರುವುದರಿಂದ, ಒಂದನ್ನೊಂದು ಹೋಲುವ ಬಣ್ಣಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಕುಗ್ಗುತ್ತದೆ. ಬಿಳಿ ಹಲಗೆಯ ಕಪ್ಪಕ್ಷರಗಳನ್ನು ತಕ್ಕಮಟ್ಟಿಗೆ ಓದಿಬಿಡುವ ಅಜ್ಜಿಗೂ, ತೊಟ್ಟಿ ಮನೆಯ ಕೆಂಪು ಗಾರೆ ನೆಲ ಎಲ್ಲಿ ಮುಗಿದು ಅದೇ ಬಣ್ಣದ ಮೆಟ್ಟಿಲು ಎಲ್ಲಿ ಇಳಿಯುತ್ತದೆಂಬುದು ಸಂಜೆಯ ಮಬ್ಬಿನಲ್ಲಿ ತಿಳಿಯದೆ ಹೋಗಬಹುದು. ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ ಬಳಿಯಲು ಹೆಚ್ಚು ಖರ್ಚೇನೂ ಇಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಪ್ಪತ್ತು ಮೀರಿದ ಮಹಿಳೆಯರಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡವರು ಬೀಳುವ ಪ್ರಮಾಣ, ಸರದಿಯಲ್ಲಿ ಕಾದವರಿಗಿಂತ ಶೇ. 34ರಷ್ಟು ಕಡಿಮೆಯಿತ್ತು. ಭಾರತದಲ್ಲಿ 50 ದಾಟಿದವರ ಅಂಧತ್ವದಲ್ಲಿ ಸುಮಾರು ಶೇ. 66ಕ್ಕೆ ಪೊರೆಯೇ ಕಾರಣವೆಂದು 2015–19ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಹೀಗಿರುವಾಗ ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎನ್ನುವ ಹಳೆಯ ಲೆಕ್ಕಾಚಾರ ದುಬಾರಿಯದು. ಈಗಿನ ಶಸ್ತ್ರಚಿಕಿತ್ಸೆಗೆ ಪೊರೆ ಬಲಿಯುವವರೆಗೆ ಕಾಯಬೇಕಾಗಿಲ್ಲ.

ಮನಸ್ಸಿನ ಮೇಲಾಗುವ ಪೆಟ್ಟು ನಿಧಾನದ್ದು. ಎದುರಿಗೆ ಬಂದವರ ಮುಖ ಗುರುತು ಸಿಗದೆ ಮುಜುಗರಪಟ್ಟವರು ಕ್ರಮೇಣ ಮದುವೆ, ಜಾತ್ರೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಒಂಟಿತನ, ಖಿನ್ನತೆಗಳು ಹೀಗೆಯೇ ಮನೆಯೊಳಗೆ ಬರುತ್ತವೆ. ಮರೆಗುಳಿತನವನ್ನು ತಡೆಯಲು ಅಥವಾ ಮುಂದೂಡಲು ಸರಿಪಡಿಸಬಹುದಾದ 14 ಅಂಶಗಳಲ್ಲಿ ಚಿಕಿತ್ಸೆ ಕಾಣದ ದೃಷ್ಟಿದೋಷವನ್ನೂ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ತಜ್ಞರ ಆಯೋಗ 2024ರಲ್ಲಿ ಸೇರಿಸಿತು.

ಇನ್ನೊಂದು ಸಂಗತಿಯನ್ನು ಹಿರಿಯರು ಹೇಳಿಕೊಳ್ಳುವುದೇ ಇಲ್ಲ. ದೃಷ್ಟಿ ತೀರಾ ಕುಗ್ಗಿದಾಗ, ಕಣ್ಣಿನಿಂದ ಸಂಕೇತಗಳು ಬಾರದೆ ಮಿದುಳು ತಾನೇ ಚಿತ್ರಗಳನ್ನು ಕಟ್ಟುವುದುಂಟು: ಅಂಗಳದಲ್ಲಿ ಮಕ್ಕಳು, ಗೋಡೆಯ ಮೇಲೆ ಹೂಬಳ್ಳಿ, ಯಾವುದಕ್ಕೂ ಸದ್ದಿಲ್ಲ. ಸ್ವಿಟ್ಜರ್ಲೆಂಡಿನ ನಿಸರ್ಗ ವಿಜ್ಞಾನಿ ಚಾರ್ಲ್ಸ್ ಬಾನೆ ತನ್ನ ಅಜ್ಜನ ಇಂಥ ಅನುಭವವನ್ನು 1760ರಲ್ಲಿ ದಾಖಲಿಸಿದ್ದರಿಂದ ಇದಕ್ಕೆ ‘ಚಾರ್ಲ್ಸ್ ಬಾನೆ ಸಿಂಡ್ರೋಮ್’ ಎಂದು ಅವನದೇ ಹೆಸರಿದೆ. ಕಂಡದ್ದು ನಿಜವಲ್ಲವೆಂದು ಇಂಥ ಹಿರಿಯರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಬಾಯಿಬಿಟ್ಟರೆ ಅರಳುಮರಳೆಂದೋ ಗಾಳಿ ಸೋಕಿತೆಂದೋ ಮನೆಯವರು ಅಂದಾರೆಂಬ ಅಳುಕಿಗೆ ಸುಮ್ಮನಿರುತ್ತಾರೆ. ಬೇರೆ ಕಾಯಿಲೆಯಿಂದಲೂ ಹೀಗಾಗಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು; ಕಣ್ಣಿನದೇ ಕಾರಣವೆಂದು ತಿಳಿದ ಮೇಲೆ, ದೀಪ ಹಾಕಿದರೆ ಅಥವಾ ಕಣ್ಣನ್ನು ಅತ್ತಿತ್ತ ಹೊರಳಿಸಿದರೆ ಆ ಚಿತ್ರಗಳು ಎಷ್ಟೋ ಸಲ ಮಾಯವಾಗುತ್ತವೆ.